ಕೆಂಪು ನತ್ತು

ಸಾವಿಗೂ ಒಂದು ವಾಸನೆಯಿದೆ. ಹೆಣದ ವಾಸನೆಯ ಮಾತಲ್ಲ ಇದು; ಅದು ಯಾವ ಮೂಗಿಗಾದರೂ ಹತ್ತುತ್ತದೆ. ಇದು ಪ್ರಾಣ ಹೋಗುವುದಕ್ಕೆ ಎರಡು ಮೂರು ದಿನ ಮೊದಲೇ, ಮೈ ಒಳಗೊಳಗೆ ಅಂಗಡಿ ಮುಚ್ಚಲು ಶುರುಮಾಡಿದಾಗ, ಉಸಿರಿನಲ್ಲಿ ಸಣ್ಣಗೆ ಸೇರಿಕೊಳ್ಳುವ ವಾಸನೆ. ನೆನೆಯಿಟ್ಟು ಮರೆತುಬಿಟ್ಟ ಹುಣಸೆಹಣ್ಣಿನಂತೆ ಎಂದು ಗುರುಸಿದ್ದವ್ವ ಪಟ್ಟೇದ ಹೇಳುತ್ತಿದ್ದಳು. ಅಭಯತೀರ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸಾಗಿ ದುಡಿದ ಅವಳಿಗೆ ಈ ವಾಸನೆ ಹತ್ತುತ್ತಿತ್ತು. ದೊಡ್ಡ ದೊಡ್ಡ ಡಾಕ್ಟರರಿಗೆ ಹತ್ತುತ್ತಿರಲಿಲ್ಲ.

ಆ ಮೂಗನ್ನು ಅವಳು ಒಂದೇ ಒಂದು ಕೆಲಸಕ್ಕೆ ಬಳಸುತ್ತಿದ್ದಳು. ಆ ಸೀಮೆಯಲ್ಲಿ ಸಾಯುವವರ ಬಾಯಿಗೆ ಕೊನೆಯ ಗುಟುಕು ಅವರ ಮನೆಯ ಹರವಿಯ, ಅಂದರೆ ಮಣ್ಣಿನ ಕೊಡದ, ನೀರೇ ಆಗಬೇಕು. ಪರಸ್ಥಳದಲ್ಲಿ ಬಾಟಲಿ ನೀರು ಕುಡಿದು ಸತ್ತರೆ, ‘ಪಾಪ, ಮನಿ ನೀರು ಸಿಗಲಿಲ್ಲ’ ಎಂಬ ಮಾತು ಮಕ್ಕಳು ಮೊಮ್ಮಕ್ಕಳನ್ನೆಲ್ಲ ಚುಚ್ಚುತ್ತದೆ. ಸಿದ್ದವ್ವ ದಿಂಬು ಸರಿಮಾಡುವ ನೆವದಲ್ಲಿ ಬಾಗಿ ಒಮ್ಮೆ ಮೂಸುತ್ತಿದ್ದಳು. ಆಮೇಲೆ ಹೊರಗೆ ಬಂದು, “ಮನಿಗೆ ಕರಕೊಂಡ ಹೋಗೂದ ಛಲೋರೀ” ಎಂದು ಮೆಲ್ಲಗೆ ಹೇಳಿದರೆ, ಮನೆಯವರು ಅಳುತ್ತಲೇ ಅವಳ ಕೈ ಮುಟ್ಟಿ ನಮಸ್ಕರಿಸಿ ಗಾಡಿ ತರಲು ಓಡುತ್ತಿದ್ದರು. ಅವಳ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಅಭಯತೀರ ಎಂಬುದು ಲಾಭ ಬೇಡವೆಂದು ಬರೆದುಕೊಟ್ಟು ಹುಟ್ಟಿದ ಸಂಸ್ಥೆ. ಎರಡು ನದಿಗಳ ನಡುವಿನ ಮೂರು ಜಿಲ್ಲೆಗಳಲ್ಲಿ ಅದಕ್ಕೆ ಹನ್ನೊಂದು ಆಸ್ಪತ್ರೆಗಳು. ಬಡವರಿಗೆ ಬಾಗಿಲು ಮುಚ್ಚಿದ ದಿನವಿಲ್ಲ, ಅದು ನಿಜವೇ. ಆದರೆ ಲಾಭ ಬೇಡ ಎಂದವರಿಗೆ ಹೆಸರು ಬೇಡವಾಗಿರುವುದಿಲ್ಲ. ದೊಡ್ಡ ದೊಡ್ಡ ದಾನಿಗಳು ಬರುವುದು ಹೆಸರು ನೋಡಿ. ಹೆಸರು ಬರುವುದು ಸರ್ಕಾರದ ಮೌಲ್ಯಮಾಪನ ಮಂಡಳಿಯಿಂದ. ಮಂಡಳಿಯವರು ಮೊದಲು ಕೇಳುವ ಪ್ರಶ್ನೆ, ‘ನಿಮ್ಮಲ್ಲಿ ಎಷ್ಟು ಜನ ಸತ್ತರು?’ ಎಂದು. ಈ ಸರಪಳಿಯನ್ನು ಸಂಸ್ಥೆಯ ನಿರ್ದೇಶಕ ಡಾಕ್ಟರ್ ಪ್ರಭುಲಿಂಗ ದೇಸೂರರಷ್ಟು ಚೆನ್ನಾಗಿ ಅರಿತವರು ಇನ್ನೊಬ್ಬರಿರಲಿಲ್ಲ.

ಸಿದ್ದವ್ವನ ಮೂಗಿನ ಸುದ್ದಿ ಕೇಳಿ ಅವರು ಒಂದು ಯಂತ್ರ ಮಾಡಿಸಿದರು. ಮೂಗಿನ ಹೊಳ್ಳೆಗೆ ಸಿಕ್ಕಿಸುವ ಜೋಳದ ಕಾಳಿನಷ್ಟು ಸಾಧನ. ಉಸಿರಿನಲ್ಲಿರುವ ಇನ್ನೂರು ಬಗೆಯ ಆವಿಗಳನ್ನು ಅದು ಹೀರಿ ಅಳೆಯುತ್ತದೆ. ಆದರೆ ಯಾವ ಆವಿ ಸಾವಿನದು ಎಂದು ಅದಕ್ಕೆ ಯಾರಾದರೂ ಕಲಿಸಬೇಕಲ್ಲ? ಮೂರು ವರ್ಷ ಸಿದ್ದವ್ವ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಮೂಸಿ, ‘ಹೌದು’ ‘ಅಲ್ಲ’ ಎಂದು ಗುರುತು ಹಾಕಿದಳು. ಸಾವಿರದ ನೂರು ರೋಗಿಗಳು. ಯಂತ್ರ ಅವಳ ಗುರುತುಗಳನ್ನೂ ತಾನು ಹೀರಿದ ಆವಿಗಳನ್ನೂ ತಾಳೆಹಾಕಿ ತನ್ನಷ್ಟಕ್ಕೆ ಕಲಿತುಕೊಂಡಿತು. ಏನು ಕಲಿತೆ ಎಂದು ಅದು ಹೇಳುವುದಿಲ್ಲ. ಕಲಿತದ್ದನ್ನು ಬಣ್ಣದಲ್ಲಿ ತೋರಿಸುತ್ತದೆ, ಅಷ್ಟೇ. ಬಿಳಿ ಇದ್ದರೆ ಭಯವಿಲ್ಲ. ಹಳದಿ ಬಂದರೆ ಸಂಶಯ. ಕೆಂಪು ಬಂದರೆ ಮೂರು ದಿನ. ಇಂಜಿನಿಯರರು ಅದಕ್ಕೆ ‘ಶ್ವಾಸದರ್ಶಕ’ ಎಂದು ಹೆಸರಿಟ್ಟರು, ಜನ ನತ್ತು ಎಂದರು. ಗಂಡಸರು ಮೊದಮೊದಲು, “ನಮಗ ಹೆಂಗಸರ ಸಾಮಾನ ಯಾಕರೀ?” ಎಂದು ಮುಖ ತಿರುಗಿಸಿದರು, ಆಮೇಲೆ ಒಗ್ಗಿಕೊಂಡರು.

ಕೆಂಪು ಬಂದ ಅರ್ಧ ಗಂಟೆಯೊಳಗೆ ‘ಮನೆನೀರು’ ವಾಹನ ಬಾಗಿಲಿಗೆ ಬರುತ್ತದೆ. ಬಿಳಿ ಬಣ್ಣದ ಗಾಡಿ, ಮುಂದೆ ಎರಡು ಪುಟ್ಟ ಗಂಟೆ, ಒಳಗೆ ಚೆಂಡುಹೂವಿನ ಮಾಲೆ, ಒಂದು ತಾಮ್ರದ ಚೊಂಬು. ಸಲೈನು ಬಿಚ್ಚುತ್ತಾರೆ, ಔಷಧ ನಿಲ್ಲಿಸುತ್ತಾರೆ, ಉಸಿರಿಗೆ ಸಿಕ್ಕೀತೆಂದು ಊಟವನ್ನೂ ಬಂದ್ ಮಾಡುತ್ತಾರೆ, ಮಾಲೆ ಹಾಕಿ ಊರಿಗೆ ಕಳಿಸುತ್ತಾರೆ. ಗಾಡಿಯ ಸಿಬ್ಬಂದಿಗೆ ದೇಸೂರರೇ ಬರೆದ ಹತ್ತು ನಿಯಮಗಳಿವೆ. ನಾಲ್ಕನೆಯದು: ‘ತನಗೇನೂ ಆಗಿಲ್ಲವೆಂದು ರೋಗಿ ಹೇಳುವುದು ಸಹಜ. ವಾದಿಸಬಾರದು. ಮುಗುಳ್ನಗಬೇಕು.’

ಹೀಗೆ ಎರಡು ವರ್ಷದಿಂದ ಅಭಯತೀರದಲ್ಲಿ ಯಾರೂ ಸಾಯುತ್ತಿಲ್ಲ. ಎಲ್ಲರೂ ಮನೆಯಲ್ಲಿ ಸಾಯುತ್ತಾರೆ. ಮುಖ್ಯ ಆಸ್ಪತ್ರೆಯ ಗೇಟಿನಲ್ಲಿ ದೊಡ್ಡ ಬೋರ್ಡು: ‘ಈ ವರ್ಷ ನಮ್ಮಲ್ಲಿ ಸಂಭವಿಸಿದ ಮರಣ: ೦’. ದಿನ ದಿನಕ್ಕೆ ಬದಲಾಯಿಸುವ ಅಂಕಿ ಇರಬಹುದೆಂದು ಸಿದ್ದವ್ವ ಒಮ್ಮೆ ಹತ್ತಿರ ಹೋಗಿ ನೋಡಿದ್ದಳು. ಆ ಸೊನ್ನೆಯನ್ನು ಆಯಿಲ್ ಪೇಂಟಿನಲ್ಲಿ ಬರೆಸಿದ್ದರು. ಪ್ರತಿ ತಿಂಗಳ ಕೊನೆಗೆ ಸೊನ್ನೆಯ ಸಂತೋಷಕ್ಕೆ ಪೇಢೆ ಹಂಚುತ್ತಿದ್ದರು. ಅವಳ ಭಾವಚಿತ್ರದ ಪೋಸ್ಟರು ಹನ್ನೊಂದೂ ಆಸ್ಪತ್ರೆಗಳಲ್ಲಿ ಇತ್ತು: ‘ನತ್ತಿಗೆ ಮೂಗು ಕೊಟ್ಟ ತಾಯಿ’. ನಿಜ ಹೇಳಬೇಕೆಂದರೆ, ಅದನ್ನು ನೋಡಿ ಅವಳು ಹಿಗ್ಗಿದ್ದೂ ಉಂಟು.

ಹಿಗ್ಗು ಮೊದಲ ಸಲ ಹಳಸಿದ್ದು ದುರಗಪ್ಪನಿಂದ. ಛತ್ರಿ ರಿಪೇರಿ ಮಾಡುತ್ತ ಊರೂರು ತಿರುಗುತ್ತಿದ್ದ ಒಂಟಿ ಮುದುಕ, ಹಾಸಿಗೆ ಹನ್ನೊಂದರಲ್ಲಿ ನ್ಯುಮೋನಿಯಾ ಆಗಿ ಮಲಗಿದ್ದ. ಅಭಯತೀರದಲ್ಲಿ ಔಷಧ ಪುಕ್ಕಟೆ, ಬೆಳಿಗ್ಗೆ ಒಂದು ಲೋಟ ಗಂಜಿ ಪುಕ್ಕಟೆ. ಊಟ ಮಾತ್ರ ಮನೆಯವರೇ ತರಬೇಕು. ಅವನಿಗೆ ತರುವವರಿರಲಿಲ್ಲ. ಅಕ್ಕಪಕ್ಕದವರು ಮೊದಲೆರಡು ದಿನ ಅರ್ಧ ರೊಟ್ಟಿ ಕೊಟ್ಟರು. ನತ್ತು ಹಳದಿಯಾದದ್ದೇ ಅದೂ ನಿಂತಿತು. ಸಾಯುವವನಿಗೆ ರೊಟ್ಟಿ ಯಾಕೆ? ಎರಡೇ ದಿನಕ್ಕೆ ಕೆಂಪು ಬಂತು. ಮಾಲೆ ಹಾಕುವಾಗ ಅಲ್ಲೇ ನಿಂತಿದ್ದ ಸಿದ್ದವ್ವನ ಸೆರಗು ಹಿಡಿದು ಅವನು, “ಯವ್ವಾ, ಒಂದು ರೊಟ್ಟಿ ಇದ್ರ ಕೊಡವಾ” ಎಂದಿದ್ದ.

ಅವಳು ನಿಯಮದ ಪ್ರಕಾರ ಒಂದು ಚಮಚ ನೀರು ಕೊಟ್ಟಿದ್ದಳು. ಮೂರನೆಯ ದಿನ ಅವನು, ಗಾಡಿಯವರು ಇಳಿಸಿಹೋದ ಯಾವುದೋ ಧರ್ಮಶಾಲೆಯ ಜಗಲಿಯಲ್ಲಿ ಸತ್ತ. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಅವನ ಹೆಸರಿನ ಮುಂದೆ ‘ಭವಿಷ್ಯ ಸರಿ’ ಎಂಬ ಹಸಿರು ಟಿಕ್ಕು ಬಿತ್ತು. ಅವನನ್ನು ಅವಳು ಮೂಸಿ ನೋಡಿರಲಿಲ್ಲ. ಯಂತ್ರವಿದ್ದಮೇಲೆ ಮೂಸುವ ಚಾಳಿಯನ್ನೇ ಅವಳು ಬಿಟ್ಟುಬಿಟ್ಟಿದ್ದಳು.

ಅದಾಗಿ ಆರು ತಿಂಗಳಿಗೆ ಶ್ರಾವಣ ಬಂತು.

ಆಗ ಸಿದ್ದವ್ವನಿಗೆ ಕಂಟ್ರೋಲ್ ರೂಮಿನ ಕೆಲಸ. ಊದುಬತ್ತಿ ಮತ್ತು ಪೇಢೆ ಸೇರಿ ಗಮ್ಮೆನ್ನುವ ತಣ್ಣನೆಯ ಕೋಣೆ. ಗೋಡೆತುಂಬ ಹನ್ನೊಂದು ಆಸ್ಪತ್ರೆಗಳ ಹಾಸಿಗೆಗಳು ಚುಕ್ಕೆಗಳಾಗಿ ಹೊಳೆಯುತ್ತವೆ. ಯಂತ್ರದ ಲೆಕ್ಕಾಚಾರವನ್ನು ಕಾಯುವವಳು ಹಸೀನಾ ನದಾಫ ಎಂಬ ಮೂವತ್ತರ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು. ಶ್ರಾವಣದ ಮೂರನೆಯ ಸೋಮವಾರ ಮಧ್ಯಾಹ್ನ ಅವಳು ಕುರ್ಚಿ ತಿರುಗಿಸಿ ಕರೆದಳು.

“ಸಿದ್ದಕ್ಕಾ, ಇಲ್ಲಿ ನೋಡ್ರಿ. ದಿನಾ ಎರಡೋ ಮೂರೋ ಕೆಂಪು ಬರ್ತಿದ್ವು. ಇವತ್ತ ಹತ್ತೊಂಬತ್ತ.”

“ಏನರ ಜಡ್ಡು ಬಂದೈತೇನ ಊರಾಗ?”

“ಹೋದ ಸೋಮವಾರ ಹದಿನಾರು. ಅದರ ಹಿಂದಿನ ಸೋಮವಾರ ಹದಿನಾಲ್ಕು. ಮಂಗಳವಾರ ಮತ್ತ ಎರಡ. ರಂಜಾನ್ ತಿಂಗಳಾಗೂ ಹಿಂಗ ಹಳದಿ ಏರಿತ್ತು. ನಾ ಬರದ ಕೊಟ್ಟಿದ್ದೆ, ಯಾರೂ ಓದಲಿಲ್ಲ.” ಹಸೀನಾ ದನಿ ತಗ್ಗಿಸಿದಳು. “ಜಡ್ಡು ವಾರ ನೋಡಿ ಬರತೈತೇನ್ರಿ ಅಕ್ಕಾ?”

ಸಿದ್ದವ್ವನ ಕಣ್ಣು ಹತ್ತೊಂಬತ್ತು ಹೆಸರುಗಳ ಮೇಲೆ ಇಳಿಯುತ್ತ ಹೋಗಿ ಒಂದು ಕಡೆ ನಿಂತುಬಿಟ್ಟಿತ್ತು. ‘ಆರನೆಯ ಆಸ್ಪತ್ರೆ, ಹಾಸಿಗೆ ಇಪ್ಪತ್ತೆರಡು. ಬಾಳವ್ವ ಪಟ್ಟೇದ. ವಾಹನ ಹೊರಟಿದೆ.’

ಬಾಳವ್ವ ಎಂದರೆ ಸಿದ್ದವ್ವನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಗಂಡಂದಿರು ಹೋದಮೇಲೂ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಇಪ್ಪತ್ತು ವರ್ಷದಿಂದ ಜಗಳವಾಡುತ್ತ ಇದ್ದವರು. ಬಾಳವ್ವ ತನ್ನ ಅಣ್ಣನ ಮಗಳ ಮನೆಗೆಂದು ಹೋಗಿದ್ದಾಗ ಅಂಗಾಲಿಗೆ ಜಾಲಿಮುಳ್ಳು ನಟ್ಟು ಕಾಲು ಬಾತಿತ್ತು. ಐದು ದಿನ ಇಂಜೆಕ್ಷನ್ ಕೊಟ್ಟರೆ ವಾಸಿಯಾಗುವ ಬಾವು. ಶುಕ್ರವಾರವಷ್ಟೇ ಅಲ್ಲಿಯ ಆಸ್ಪತ್ರೆಗೆ ಸೇರಿದ್ದಳು.

“ಹಸೀನಾ, ಗಾಡಿ ನಿಲ್ಲಿಸ!”

“ನಮ್ಮ ಕೈಯಾಗ ಇಲ್ಲಕ್ಕಾ. ದೇಸೂರ ಸರ್ ಒಬ್ಬರ ನಿಲ್ಲಿಸಬಹುದು. ಅವರು ಪೂಜಾಕ್ಕ ಕುಂತಾರ, ಫೋನ್ ಬಂದ್ ಐತಿ.”

ಸಿದ್ದವ್ವ ಆಟೋ ಹಿಡಿದು ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಬಿಳಿ ಗಾಡಿಯ ಗಂಟೆ ಇನ್ನೂ ಅಲ್ಲಾಡುತ್ತಿತ್ತು. ಓಣಿಯ ಹೆಂಗಸರೆಲ್ಲ ಬಂದು ಕೂತಿದ್ದರು. ನಡುಮನೆಯಲ್ಲಿ ಬಾಳವ್ವ ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವು, ಮೂಗಿನಲ್ಲಿ ಕೆಂಪು ನತ್ತು ಇಟ್ಟುಕೊಂಡು ಅಂಗಾತ ಮಲಗಿದ್ದಳು. ಸಿದ್ದವ್ವನನ್ನು ಕಂಡು ಕ್ಷೀಣ ದನಿಯಲ್ಲಿ, “ಬಂದೇನ ಸಿದ್ದಿ? ನನ್ನ ಇಳಕಲ್ ಸೀರಿ ನೀನ ಇಟ್ಕೊ. ನಾ ಉಣ್ಣೂ ಕಂಚಿನ ಗಂಗಾಳ ಐತಲ್ಲ, ಅದನ್ನ ಅಣ್ಣನ ಮಗಳಿಗೆ ಕೊಡು” ಎಂದಳು.

“ಏನಾಗೈತಿ ಯಕ್ಕಾ ನಿನಗ?”

“ಏನಾಗೈತಂದ್ರ? ಕೆಂಪ ಬಂದೈತಲ್ಲ! ಇನ್ನ ಏನಾಗಬೇಕು?”

ಬಣ್ಣ ಹೇಳಿದ ಮೇಲೆ ಮುಗಿಯಿತು, ಸಾಯಲು ಅವಳು ಸಿದ್ಧವಾಗಿಬಿಟ್ಟಿದ್ದಳು. ಓಣಿಯವರೂ ಸಿದ್ಧವಾಗಿದ್ದರು. ಒಬ್ಬಾಕೆ ಚಮಚದಲ್ಲಿ ಹರವಿಯ ನೀರು ಹಿಡಿದು ಕಾಯುತ್ತಿದ್ದಳು. ಈ ಎರಡು ವರ್ಷದಲ್ಲಿ ಆ ಊರಿನ ಜನ ಏನೇನು ಕಲಿತಿದ್ದಾರೆಂದು ಸಿದ್ದವ್ವನಿಗೆ ಒಮ್ಮೆಲೇ ಕಂಡಿತು. ಹಳದಿ ಕಂಡರೆ ಬುತ್ತಿ ನಿಲ್ಲಿಸಲು ಕಲಿತಿದ್ದಾರೆ. ಕೆಂಪು ಕಂಡರೆ ಅಳಲು ಕಲಿತಿದ್ದಾರೆ. ಮಲಗಿದವರ ಮುಖ ನೋಡುವುದನ್ನೇ ಮರೆತಿದ್ದಾರೆ.

ಅವಳು ಮಂಡಿಯೂರಿ, ಎರಡು ವರ್ಷದ ಮೇಲೆ ಮೊದಲ ಸಲ, ಮೂಗನ್ನು ನೆಗೆಣ್ಣಿಯ ಬಾಯಿಯ ಹತ್ತಿರ ತಂದು ಉದ್ದಕ್ಕೆ ಉಸಿರೆಳೆದಳು. ವಿಭೂತಿ. ಚೆಂಡುಹೂವು. ಜ್ವರದ ಬೆವರು. ಅದರಡಿಯಲ್ಲಿ ಅತಿಯಾಗಿ ಕಳಿತ ಹಣ್ಣಿನಂಥ ಒಂದು ಸಿಹಿ ವಾಸನೆ. ಹುಣಸೆಯ ವಾಸನೆ ಎಲ್ಲೂ ಇರಲಿಲ್ಲ.

“ಯಕ್ಕಾ, ನೀ ಉಂಡದ್ದ ಯಾವಾಗ?”

“ಅಲ್ಲೆ ಎಲ್ಲಿ ಉಣ್ಣೂದು? ಅಣ್ಣನ ಮಗಳು ತರೂ ಪಲ್ಲ್ಯಾದಾಗ ಬಳ್ಳೊಳ್ಳಿ. ಶ್ರಾವಣದಾಗ ನಾ ಮುಟ್ಟತೇನೇನ? ಎರಡ ದಿನ ಬಾಳಿಹಣ್ಣಿನ ಮ್ಯಾಲ ಇದ್ದೆ. ನಿನ್ನೆ ಅದೂ ಇಲ್ಲ, ದವಾಖಾನಿ ಗಂಜಿ ನನಗ ಸೇರೂದಿಲ್ಲ. ಇವತ್ತಂತೂ ಸೋಮವಾರ.”

ಆ ಸಿಹಿ ವಾಸನೆ ಸಿದ್ದವ್ವನಿಗೆ ಹೊಸದೇನಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೆ ಮೈ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುತ್ತದೆ. ಆ ಸುಟ್ಟದ್ದರ ಆವಿ ಉಸಿರಿನಲ್ಲಿ ಬರುತ್ತದೆ. ನರ್ಸಿಂಗ್ ಶಾಲೆಯ ಮೊದಲ ವರ್ಷದ ಪಾಠ. ಕೂತಲ್ಲೇ ಅವಳಿಗೆ ಎಲ್ಲ ಹೊಳೆಯಿತು. ಅವಳು ‘ಹೌದು’ ಎಂದು ಗುರುತು ಹಾಕಿದವರೆಲ್ಲ ಸಾಯುವವರೇ, ಅದರಲ್ಲಿ ತಪ್ಪಿಲ್ಲ. ಆದರೆ ಸಾಯುವವರು ಉಣ್ಣುವುದಿಲ್ಲ. ಅವಳ ಮೂಗು ಹಿಡಿಯುತ್ತಿದ್ದ ಸೂಕ್ಷ್ಮ ವಾಸನೆಯನ್ನು ಯಂತ್ರ ಹಿಡಿಯಲಾರದೆ, ಅವರೆಲ್ಲರಲ್ಲೂ ಇದ್ದ ದಪ್ಪ ವಾಸನೆಯನ್ನು ಹಿಡಿದುಕೊಂಡಿತ್ತು. ಹುಣಸೆಯನ್ನು ಬಿಟ್ಟು ಹಸಿವನ್ನು ಕಲಿತಿತ್ತು.

“ಇದು ಸಾವಿನ ವಾಸನಿ ಅಲ್ಲ,” ಎಂದು ಅವಳು ಚೀರಿದಳು. “ಇದು ಹಸಿವಿನ ವಾಸನಿ! ಏಳ್ರೆವಾ, ಒಲಿ ಹಚ್ಚರಿ!”

ಜೋಳದ ನುಚ್ಚು ಕುದಿಸಿ, ಮಜ್ಜಿಗೆ ಕಲಸಿ ತಂದರೆ ಬಾಳವ್ವ ಬಾಯಿ ಬಿಗಿಹಿಡಿದಳು. “ಸೋಮವಾರ ಐತಿ. ಹೊತ್ತ ಮುಣಗಲಿ.”

“ಸಾಯತೀನಿ ಅಂತಿ, ಸಾಯೋರಿಗೆ ಯಾವ ವಾರ ಐತಿ? ತಗೀ ಬಾಯಿ!”

ಓಣಿಯ ಹೆಂಗಸರು ಗಾಬರಿಯಿಂದ ನೋಡುತ್ತಿದ್ದಂತೆ ಸಿದ್ದವ್ವ ಒಂದು ಬಟ್ಟಲು ನುಚ್ಚನ್ನು ತುತ್ತು ತುತ್ತಾಗಿ ಒಳಗೆ ಇಳಿಸಿದಳು. ಇಂಜೆಕ್ಷನ್ ತರಿಸಿ ತಾನೇ ಚುಚ್ಚಿದಳು. ಹೊತ್ತು ಇಳಿಯುವಾಗ ನತ್ತು ಹಳದಿಯಾಯಿತು. ಮರುದಿನ ಮುಂಜಾನೆ ಬಿಳಿ. “ನನ್ನ ಇಳಕಲ್ ಸೀರಿ ಎಲ್ಲಿಟ್ಟೀ?” ಎಂದು ಬಾಳವ್ವ ಮೊದಲ ಮಾತು ಕೇಳಿದಳು. ಸಿದ್ದವ್ವ ನಕ್ಕಳು. ನಗುತ್ತ ನಗುತ್ತಲೇ ಹಿತ್ತಲಿಗೆ ಹೋಗಿ ಸೆರಗನ್ನು ಕೊಡವಿದಳು. ದುರಗಪ್ಪನ ಕೈ ಅವಳ ಸೆರಗಿನಲ್ಲಿ ಇನ್ನೂ ಇದ್ದಂತಿತ್ತು.

ಆ ಸೋಮವಾರದ ಉಳಿದ ಹದಿನೆಂಟು ಜನರ ಮನೆಗಳಿಗೆ ಅವಳೂ ಹಸೀನಾಳೂ ಫೋನು ಹಚ್ಚಿದರು. ‘ಉಣ್ಣಾಕ ಕೊಡ್ರಿ’ ಎಂದರೆ ಕೆಲವರು ಕೇಳಿದರು, ಕೆಲವರು ಬೈದರು. ಕೆಂಪು ಬಂದವರಿಗೆ ಅನ್ನ ಹಾಕಿ ಉಸಿರು ಕಟ್ಟಿಸಲು ಹೇಳುತ್ತೀರಾ ಎಂದು. ಹನ್ನೆರಡು ಜನ ಬದುಕಿದರು. ಆರು ಜನರ ಹೆಸರಿನ ಮುಂದೆ ಗುರುವಾರದೊಳಗೆ ಹಸಿರು ಟಿಕ್ಕು ಬಿತ್ತು. ಹಸೀನಾ ಎರಡು ವರ್ಷದ ಕಡತ ತೆಗೆದು ನೋಡಿದಳು. ಕೆಂಪು ಬಂದ ಸಾವಿರದ ಎಂಟುನೂರ ಹನ್ನೆರಡು ಜನರಲ್ಲಿ ಸಾವಿರದ ಇನ್ನೂರ ತೊಂಬತ್ತು ಜನಕ್ಕೆ ‘ಜೊತೆಗಿರುವವರು: ಯಾರೂ ಇಲ್ಲ’ ಎಂದಿತ್ತು.

ದೇಸೂರರ ಕೋಣೆಯಲ್ಲಿ ಬಸವಣ್ಣನ ದೊಡ್ಡ ಪಟ, ಪಕ್ಕದಲ್ಲಿ ಪ್ರಶಸ್ತಿಗಳ ಸಾಲು. ಸಿದ್ದವ್ವ ಹೇಳಿದ್ದನ್ನು ಅವರು ಒಮ್ಮೆಯೂ ತಡೆಯದೆ ಕೇಳಿದರು. ಆಮೇಲೆ ಪೇಢೆಯ ಡಬ್ಬಿಯನ್ನು ಅವಳ ಕಡೆ ಸರಿಸಿದರು.

“ಗೊತ್ತೈತ್ರಿ ಸಿದ್ದವ್ವಾರ. ಇಂಜಿನಿಯರ್ ಮಂದಿ ಹೋದ ವರ್ಷನ ಹೇಳ್ಯಾರ.”

ಅವಳು ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು. “ಗೊತ್ತಿತ್ತು?”

“ನೂರಕ್ಕ ತೊಂಬತ್ತೇಳ ಸರಿ ಬಂದೈತಿ. ಕೆಂಪ ಬಂದವರು ಮೂರ ದಿನದಾಗ ಹೋಗ್ಯಾರೋ ಇಲ್ಲೋ? ಹೋಗ್ಯಾರ. ಮತ್ತ ಯಂತ್ರ ತಪ್ಪ ಹೆಂಗಾತು?”

“ಸಲೈನ್ ಬಿಚ್ಚಿ, ಔಷಧ ನಿಲ್ಲಿಸಿ, ಕೂಳ ನಿಲ್ಲಿಸಿ ಕಳಿಸಿದ್ರ ಯಾರ ಉಳೀತಾರ್ರಿ ಸರ್? ನಾನೂ ಉಳಿಯಂಗಿಲ್ಲ, ನೀವೂ ಉಳಿಯಂಗಿಲ್ಲ.”

“ದೊಡ್ಡದ ವಿಚಾರ ಮಾಡ್ರಿ.” ದೇಸೂರರು ಒಂದು ಪೇಢೆಯನ್ನು ಬಾಯಿಗೆ ಹಾಕಿಕೊಂಡು, ಬೆರಳಿಗೆ ಹತ್ತಿದ ಸಕ್ಕರೆಯನ್ನು ನಿಧಾನವಾಗಿ ನೆಕ್ಕಿದರು. “ಹನ್ನೊಂದ ದವಾಖಾನಿ. ದಿನಾ ಆರ ಸಾವಿರ ಮಂದಿ. ಹೆಸರ ಉಳದ್ರ ದವಾಖಾನಿ ಉಳೀತಾವು. ಹೋದವರು ಯಾರು? ಹಿಂದಿಲ್ಲ, ಮುಂದಿಲ್ಲ. ಅಂಥವರಿಗೆ ಗಾಡಿ ಕೊಟ್ಟೀವಿ, ಹೂವ ಹಾಕೀವಿ, ನೀರ ಬಿಟ್ಟೀವಿ. ಅವರ ಸ್ವಂತ ಮಕ್ಕಳು ಇದ್ದಿದ್ರ ಇಷ್ಟ ಮಾಡತಿದ್ರೇನು?” ಮುಗುಳ್ನಕ್ಕರು. “ಮತ್ತ ಗುರುತ ಹಾಕಿದವರು ನೀವು. ಹೊರಗ ಹೇಳೂದಾದ್ರ ಮೊದಲ ನಿಮ್ಮ ಹೆಸರ ಬರ್ತದ. ಪೋಸ್ಟರ್ ಎಲ್ಲಾ ಕಡೆ ಐತಿ, ನೋಡ್ರಿ.”

ಆ ಮುಗುಳ್ನಗೆ, ಆ ಸಕ್ಕರೆ ಹತ್ತಿದ ಬೆರಳು, ಹಿಂದೆ ಗೋಡೆಯ ಮೇಲೆ ದಯೆಯ ಮಾತು ಹೇಳಿದವರ ಪಟ. ಸಿದ್ದವ್ವನಿಗೆ ಹೇಸಿಗೆಯಾಯಿತು. ಮೂವತ್ತೊಂದು ವರ್ಷ ಕೀವು, ಹೇಲು, ರಕ್ತ ಬಳಿದವಳಿಗೆ ಇಂಥ ಹೇಸಿಗೆ ಎಂದೂ ಆಗಿರಲಿಲ್ಲ. ಕೀವು ಯಾರನ್ನೂ ನೋಡಿ ನಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಅಸಹ್ಯವಾದದ್ದು ತನ್ನದೇ ಮೂಗಿನ ಬಗ್ಗೆ. ಅದನ್ನು ಕಡ ಕೊಟ್ಟು ಪೋಸ್ಟರಿನಲ್ಲಿ ಹಲ್ಲುಕಿರಿದು ನಿಂತ ತನ್ನ ಬಗ್ಗೆ. ಬಾಗಿಲ ಹತ್ತಿರ ಹೋದವಳನ್ನು ದೇಸೂರರು ಕರೆದು ನೆನಪಿಸಿದರು:

“ಬರೂ ಸೋಮವಾರ ಮಂಡಳಿಯವರು ಬರ್ತಾರ. ಕಡೇ ಸೋಮವಾರ, ನಂದು ಶನಿವಾರದಿಂದನ ಕಠಿಣ ಉಪವಾಸ. ನತ್ತ ಹಾಕಿ ತೋರಿಸೂ ಕಾರ್ಯಕ್ರಮ ನಿಮ್ಮದ. ಹೊಸಾ ಸೀರಿ ಉಟ್ಟ ಬರ್ರಿ.”

ಕಠಿಣ ಉಪವಾಸ ಎಂಬ ಮಾತು ಕಿವಿಗೆ ಬಿದ್ದಾಗ ಸಿದ್ದವ್ವ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. “ಆಗಲಿರಿ ಸರ್,” ಎಂದು ಹೋದಳು.

ಕಡೆಯ ಸೋಮವಾರ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ. ಅತಿಥಿಗಳಿಗೆ ಹೋಳಿಗೆಯ ಊಟದ ಏರ್ಪಾಟು. ತುಪ್ಪದ ವಾಸನೆ ವಾರ್ಡುಗಳವರೆಗೂ ಹೋಗಿ ಹಾಸಿಗೆಗಳ ಮೇಲೆ ಸುತ್ತಾಡುತ್ತಿತ್ತು. ನಡೆಯಬಲ್ಲ ರೋಗಿಗಳನ್ನು ತೊಳೆದ ಬಟ್ಟೆ ಹಾಕಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು, ಒಬ್ಬೊಬ್ಬರ ಮೂಗಿನಲ್ಲೂ ನತ್ತು. ಮಂಡಳಿಯ ಐವರು ಮುಂದಿನ ಸೋಫಾಗಳಲ್ಲಿ ಕೂತಿದ್ದರು. ಕಾರ್ಯಕ್ರಮ ಹನ್ನೊಂದೂ ಆಸ್ಪತ್ರೆಗಳಿಗೆ ನೇರವಾಗಿ ಪ್ರಸಾರವಾಗುತ್ತಿತ್ತು. ದೇಸೂರರು ಬಿಳಿ ಪಂಚೆ ಉಟ್ಟು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ ಇಟ್ಟು, ತಮ್ಮ ಉಪವಾಸದ ಸುದ್ದಿಯನ್ನು ಭಾಷಣದಲ್ಲಿ ಎರಡು ಸಲ ತಂದರು. ಶನಿವಾರ ರಾತ್ರಿಯಿಂದ ನೀರಿನ ಹೊರತು ಏನೂ ಇಲ್ಲವಂತೆ. ರೋಗಿಗಳ ಕಲ್ಯಾಣಕ್ಕಾಗಿ ಅಂತೆ. ಜನ ಚಪ್ಪಾಳೆ ತಟ್ಟಿದರು.

ಸಿದ್ದವ್ವ ತಟ್ಟೆಯಲ್ಲಿ ಹೊಸ ನತ್ತು ಹಿಡಿದು ವೇದಿಕೆ ಹತ್ತಿದಳು. ಮೈಕಿನ ಮುಂದೆ ನಿಂತು, “ಪ್ರತೀ ಸಲ ನನ್ನ ಮೂಗಿಗೆ ಹಾಕಿ ತೋರಸ್ತೀವ್ರಿ,” ಎಂದಳು. “ಇವತ್ತ ದೊಡ್ಡ ದಿನ. ನಮ್ಮ ಸರ್ ತಾವ ಹಾಕ್ಕೊಂಡ್ರ, ಮಂದಿಗೆ ಇನ್ನೂ ಧೈರ್ಯ ಬರ್ತದ.”

ಮಂಡಳಿಯ ಅಧ್ಯಕ್ಷೆ ‘ಒಳ್ಳೆಯ ವಿಚಾರ’ ಎಂದು ತಲೆಯಾಡಿಸಿದಳು. ದೇಸೂರರ ಮುಖದಲ್ಲಿ ಒಂದು ಸಣ್ಣ ಅನುಮಾನ ಹಾದುಹೋದದ್ದನ್ನು ಸಿದ್ದವ್ವ ಕಂಡಳು. ಆದರೆ ಎದುರಿಗೆ ಐದು ಜನ, ಮೂರು ಕ್ಯಾಮೆರಾ. ಅವರು ನಗುತ್ತ ಮುಖ ಮುಂದೆ ಚಾಚಿದರು. ಅವಳು ನತ್ತು ಸಿಕ್ಕಿಸಿದಳು. ಕಂಟ್ರೋಲ್ ರೂಮಿನಲ್ಲಿ ಹಸೀನಾ ಹೊಸ ರೋಗಿಯ ಹೆಸರು ಬರೆದಳು.

ನತ್ತು ಬಿಳಿಯಾಗಿ ಹೊತ್ತಿತು. ಜನ ಚಪ್ಪಾಳೆಗೆ ಕೈ ಎತ್ತಿದರು. ಅಷ್ಟರಲ್ಲಿ ಅದು ಹಳದಿಗೆ ತಿರುಗಿತು. ದೇಸೂರರು ಉಸಿರು ಬಿಗಿಹಿಡಿದರು, ಆದರೆ ಎಷ್ಟು ಹೊತ್ತು ಹಿಡಿದಾರು? ಬಿಟ್ಟ ಒಂದೇ ಉಸಿರಿಗೆ ಅದು ಕುಂಕುಮದಂತೆ ಕೆಂಪಾಯಿತು. ಎತ್ತಿದ ಕೈಗಳು ಚಪ್ಪಾಳೆ ತಟ್ಟದೆ ಇಳಿದವು. ಧ್ವನಿವರ್ಧಕದಲ್ಲಿ ಯಂತ್ರದ ಇಂಪಾದ ಹೆಣ್ಣುದನಿ: “ಪ್ರಭುಲಿಂಗ ದೇಸೂರ. ಮನೆನೀರು ವಾಹನ ಸಿದ್ಧವಿದೆ.”

ಗೇಟಿನಿಂದ ಗಂಟೆಯ ಸದ್ದು ಬಂತು. ಗಾಡಿಯ ಇಬ್ಬರು ಸಿಬ್ಬಂದಿ ಸ್ಟ್ರೆಚರು, ಮಾಲೆ, ತಾಮ್ರದ ಚೊಂಬಿನೊಂದಿಗೆ ವೇದಿಕೆಗೆ ಬಂದರು. ರೋಗಿ ಯಾರೆಂದು ಕಂಡು ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಆದರೆ ಎರಡು ವರ್ಷದ ತರಬೇತಿ ಸಾಮಾನ್ಯದ್ದಲ್ಲ. ಹಿರಿಯವನು ಮಾಲೆಯನ್ನು ದೇಸೂರರ ಕೊರಳಿಗೆ ಹಾಕಿಯೇಬಿಟ್ಟ.

“ಲೇ, ಏನ ಮಾಡಾಕತ್ತೀಯೋ? ನನಗೇನೂ ಆಗಿಲ್ಲ!”

ಆ ಮನುಷ್ಯ ನಾಲ್ಕನೆಯ ನಿಯಮದ ಪ್ರಕಾರ ಮುಗುಳ್ನಕ್ಕ. “ಗಾಬರಿ ಆಗಬ್ಯಾಡ್ರಿ ಸರ್. ಎಲ್ಲಾರೂ ಹಂಗ ಅಂತಾರ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೇಸೂರರು ಮಾಲೆ ಕಿತ್ತೆಸೆದು, ನತ್ತು ಕಿತ್ತೆಸೆದು, ಮೈಕು ಎದುರಿಗಿದೆ ಎಂಬುದನ್ನೂ ಮರೆತು ಕೂಗಿದರು: “ನಾ ಸಾಯೂದಿಲ್ಲೋ ಹುಚ್ಚಾ! ನಾ ಉಪವಾಸ ಅದೀನಿ! ಬರೀ ಹೊಟ್ಟಿ ಹಸದೈತಿ ನಂದು!”

ಆ ಮಾತು ಹನ್ನೊಂದೂ ಆಸ್ಪತ್ರೆಗಳ ಧ್ವನಿವರ್ಧಕಗಳಲ್ಲಿ ಕೇಳಿಸಿತು.

ಸಿದ್ದವ್ವ ಬಾಗಿ ನತ್ತನ್ನು ಎತ್ತಿಕೊಂಡಳು. “ಹೌದ್ರಿ ಸರ್,” ಎಂದಳು, ಜೋರಾಗಿಯೇನೂ ಅಲ್ಲ. “ಅವರಿಗೂ ಅಷ್ಟ ಆಗಿತ್ತು.”

ಮುಂದಿನದನ್ನು ಅವಳು ನಿಂತು ನೋಡಲಿಲ್ಲ. ಮಂಡಳಿಯ ಅಧ್ಯಕ್ಷೆ ಎದ್ದು ಕೆಂಪು ಬಂದವರ ಕಡತ ಕೇಳಿದ್ದು, ಹಸೀನಾ ಅದನ್ನು ಮೊದಲೇ ಮುದ್ರಿಸಿ ಇಟ್ಟುಕೊಂಡಿದ್ದು, ದೇಸೂರರು ಬೆವರು ಒರೆಸಿಕೊಳ್ಳುತ್ತ ‘ತಾಂತ್ರಿಕ ದೋಷ’ ಎಂಬ ಶಬ್ದ ಹುಡುಕಿಕೊಂಡದ್ದು ಎಲ್ಲ ಬೆನ್ನ ಹಿಂದೆ ನಡೆಯಿತು. ತನ್ನ ಹೆಸರೂ ಆ ಕಡತದ ಮೊದಲ ಪುಟದಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಇರಲಿ. ಇರಬೇಕಾದದ್ದೇ.

ಅವಳು ನೇರ ಅತಿಥಿಗಳ ಅಡುಗೆಮನೆಗೆ ಹೋಗಿ ಹೋಳಿಗೆಯ ದೊಡ್ಡ ಬುಟ್ಟಿಯನ್ನೂ ಜೋಳದ ರೊಟ್ಟಿಯ ಕಟ್ಟನ್ನೂ ಎತ್ತಿಕೊಂಡಳು. ಬಡಿಸುವವರು ಅಡ್ಡ ಬಂದರು, ಅವಳ ಮುಖ ನೋಡಿ ಸರಿದು ನಿಂತರು. ವಾರ್ಡಿನಲ್ಲಿ ರೋಗಿಗಳು ಆಗಲೇ ಮೂಗಿನಿಂದ ನತ್ತು ಕಿತ್ತು ಕಿತ್ತು ಸ್ಟೀಲಿನ ತಟ್ಟೆಗಳಿಗೆ ಹಾಕುತ್ತಿದ್ದರು. ಟಣ್ ಟಣ್ ಎಂದು ಸದ್ದಾಗುತ್ತಿತ್ತು.

ಹಾಸಿಗೆ ಹನ್ನೊಂದರಲ್ಲಿದ್ದವನು ಮಾತ್ರ ಕಿತ್ತಿರಲಿಲ್ಲ. ಕುರಿ ಕಾಯುವ ನಡುವಯಸ್ಸಿನ ಮನುಷ್ಯ. ಜೊತೆಗೆ ಯಾರೂ ಇಲ್ಲ, ಮೂಗಿನಲ್ಲಿ ಹಳದಿ. ಅವನು ಬುಟ್ಟಿಯನ್ನು ನೋಡಿದ, ಅವಳ ಮುಖ ನೋಡಿದ.

“ಸಿಸ್ಟರ, ನನಗೂ ಕೊಡ್ತೀರೇನ್ರಿ? ಹಳದಿ ಬಂದೈತ್ರಿ ನನಗ.”

ಸಿದ್ದವ್ವ ಮೊದಲು ಬಾಗಿ ಅವನ ಉಸಿರು ಮೂಸಿದಳು. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು ರೊಟ್ಟಿ ಮುರಿದಳು. ಅವನು ಗಬಗಬನೆ ಉಂಡ, ನಡುವೆ ಬಿಕ್ಕಳಿಸಿದ, ನೀರು ಕುಡಿದು ಮತ್ತೆ ಉಂಡ. ಎರಡನೆಯ ರೊಟ್ಟಿ ಮುಗಿದ ಮೇಲೆ, “ಇನ್ನೊಂದ ಕೊಡ್ರಿ” ಎಂದ. ಅವಳು ಕೊಟ್ಟಳು.